ಗುಂಡು

ಶುಕ್ರವಾರ. ಸಲ್ಮಾಬಾದಿನ ಟೈರ್ ಅಂಗಡಿಯ ಲೆಕ್ಕ ಮುಚ್ಚಿಟ್ಟು
ಮನಾಮಾದ ಈ ಮೂರನೇ ಮಹಡಿಯಲ್ಲಿ ಕೂತಿದ್ದೇನೆ,
ಎರಡು ಭಾಷೆಗಳ ನಡುವೆ, ಮಡಚುವ ಕುರ್ಚಿಯಲ್ಲಿ.
ಸಂಬಳವಿಲ್ಲ. ಚಹಾ ಇದೆ. ಬಸ್ಸಿನ ಕಾಸು ನನ್ನದೇ.

ಎದುರಿಗೆ ಮೂವರು, ಅವರಿಗೂ ಸಂಬಳವಿಲ್ಲ:
ಒಬ್ಬ ಹಲ್ಲಿನ ಡಾಕ್ಟರು, ಮೀನು ಹರಾಜು ಕೂಗುವ ಜಾಸಿಮ್,
ನಿವೃತ್ತಿಯಾದ ಗಣಿತದ ಮೇಡಂ ಫತ್‌ಹಿಯಾ.
ಪೊಲೀಸರ ಕೈಯಲ್ಲಿ ಸತ್ತವನ ಲೆಕ್ಕವನ್ನು
ಪೊಲೀಸರಲ್ಲದವರೂ ಒಮ್ಮೆ ಕೂಡಿ ನೋಡಲಿ ಎಂದು
ಕರೆಸಿದ್ದಾರೆ.

ಸತ್ತವನು ಮೌನೇಶ, ಸುರಪುರದ ಕಡೆಯವನು, ಗಾರೆ ಕೆಲಸ.
ಕಂಡವನು ದ್ಯಾವಪ್ಪ. ಎರಡೂ ಕೈ ತೊಡೆಯಡಿ ಇಟ್ಟು ಕೂತಿದ್ದಾನೆ.
ಅವನ ಹಳೆಯ ಹೇಳಿಕೆ ಮೇಜಿನ ಮೇಲೆ, ಅರಬಿಯಲ್ಲಿ, ಠಸ್ಸೆ ಸಮೇತ:
ಮೊದಲು ಕಲ್ಲು ಬಂತು, ಆಮೇಲೆ ನಾವು ಓಡಿದೆವು.

ಮತ್ತೆ ಹೇಳಪ್ಪ, ಎಂದೆ, ನಿನ್ನ ಮಾತಲ್ಲೇ.

"ಮದ್ಲ ಗುಂಡು ಬಂತ್ರೀ ಅಕ್ಕಾ. ಆಮ್ಯಾಲ ನಾವು ಓಡಿದ್ವಿ."

ಗುಂಡು.
ಕುಂದಾಪುರದಲ್ಲಿ ನಮ್ಮಮ್ಮನ ರುಬ್ಬುವ ಕಲ್ಲಿನ ಗುಳಿಯಲ್ಲಿ ಉರುಳುವುದು.
ಇವನೂರಿನ ಗರಡಿಯಲ್ಲಿ ಹುಡುಗರು ಎದೆಗೆತ್ತುವುದು.
ಗುರುವಾರ ರಾತ್ರಿ ಕ್ಯಾಂಪಿನಲ್ಲಿ ಕದ್ದು ಗುಟುಕರಿಸುವುದು.
ಮತ್ತೊಂದು, ಬೆನ್ನಲ್ಲಿ ಹೊಕ್ಕು ಮುಂದೆ ಹೊರಡುವುದು.
ನಮಗೆ ಎಲ್ಲಕ್ಕೂ ಒಂದೇ ಹೆಸರು ಸಾಕಾಗಿತ್ತು.
ಅರಬಿಗೆ ಸಾಲದು. ಕಲ್ಲಿಗೆ ಹಜರ್. ಇದಕ್ಕೆ ರಸಾಸ.
ಆ ರಾತ್ರಿ ಠಾಣೆಯಲ್ಲಿ ಯಾವನೋ ದುಭಾಷಿ
ನಿದ್ದೆಗಣ್ಣಲ್ಲೋ, ಕಣ್ಣು ಬಿಟ್ಟೋ,
ಕಲ್ಲನ್ನು ಆರಿಸಿಕೊಂಡಿದ್ದಾನೆ.

ದುಭಾಷಿ ಪ್ರಶ್ನೆ ಕೇಳುವಂತಿಲ್ಲ, ನಿಯಮ.
ನಾನು ಕೈ ಎತ್ತಿದೆ, ಶಾಲೆಯಲ್ಲಿ ಎತ್ತುತ್ತಿದ್ದ ಹಾಗೆ.
ಈ ಪದಕ್ಕೆ ನಮ್ಮಲ್ಲಿ ಬೇರೆ ಬೇರೆ ತೂಕ, ಎಂದೆ.
ಡಾಕ್ಟರು ಗಡಿಯಾರ ನೋಡಿಕೊಂಡರು.
ತೂಕವೆಂದರೆ ಜಾಸಿಮನಿಗೆ ಗೊತ್ತು. ಮುಂದೆ ಬಾಗಿದ:
"ಕೇಳು ಅವನನ್ನ. ಅದು ಬಂದಾಗ ಸದ್ದು ಹೇಗಿತ್ತು?"

ದ್ಯಾವಪ್ಪ ಬಲಗೈ ತೊಡೆಯಡಿಯಿಂದ ಎಳೆದ,
ಮೇಜಿಗೆ ಬಡಿದ, ಒಮ್ಮೆ.
ಗಾಜಿನ ಲೋಟಗಳಲ್ಲಿ ಚಹಾ ನಡುಗಿತು.
ಸ್ವಲ್ಪ ತಡೆದು, ಇನ್ನೆರಡು ಸಲ.
ಯಾರೂ ನನ್ನತ್ತ ತಿರುಗಲಿಲ್ಲ ಅನುವಾದಕ್ಕೆ.

ಫತ್‌ಹಿಯಾ ಮೇಡಂ ಕಲ್ಲನ್ನು ಅಳಿಸಲಿಲ್ಲ.
ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಇನ್ನೊಂದು ಪದ ಬರೆದು,
ಇಲ್ಲಿ ಸಹಿ, ಎಂದರು ನನಗೆ.

ವೀಸಾ ಮುಗಿಯಲು ನಲವತ್ತು ದಿನ.
ಪೆನ್ನು ಅವರ ಬೆರಳಿನಿಂದ ಇನ್ನೂ ಬೆಚ್ಚಗಿತ್ತು.
ಬರೆದೆ, ಕನ್ನಡದಲ್ಲೇ, ಪೂರ್ತಿ ಹೆಸರು: ಸುಜಯಾ ಖಾರ್ವಿ.

ದ್ಯಾವಪ್ಪನ ಕೈ ಮತ್ತೆ ತೊಡೆಯಡಿ ಸೇರಿತ್ತು.
"ಅಕ್ಕಾ," ಎಂದ ಮೆಲ್ಲಗೆ,
"ನಾ ಏನರೆ ತಪ್ಪ ಅಂದ್ನೇನ್ರೀ?"