ಗರಗರ

ಫರಸಿ ಅಂತ ಬ್ಯಾಂಡಿನ ಹೆಸರು. ಶಹಾಬಾದಿನ ಹುಡುಗರು,
ಕಾಲ ಕೆಳಗಿನ ಕಲ್ಲನ್ನೇ ಹೆಸರು ಇಟ್ಟುಕೊಂಡಾರ.
ಹಾಡೋಕಿ ಜಗದೇವಿ, ಗಿಟಾರ್ ಖದೀರ್,
ಡ್ರಮ್ಮಿನ ಹುಡುಗ ರೇವಣಸಿದ್ದ, ಮಾತು ಕಮ್ಮಿ.
ಬೇಸ್ ಬಾರಿಸುವವರು ಮಾತ್ರ ವರ್ಷಕ್ಕೊಬ್ಬರು.
ನಾನು ಅವರ ಅಭಿಮಾನಿ ಅಲ್ಲ.
ಕಲಬುರಗಿ ಸೂಪರ್ ಮಾರ್ಕೆಟ್ ಹಿಂದ
ಆಂಪ್ಲಿಫೈಯರ್ ರಿಪೇರಿ ಮಾಡಾಂವ.
ಜನ ಅವರ ಆಲ್ಬಮ್ ಎಣಿಸ್ತಾರ, ನಾ ಬಿಲ್ ಎಣಿಸ್ತೀನಿ.

ಮೊದಲ ಸಲ ತಂದಾಗ ಡಬ್ಬಿ ಬಿಚ್ಚಿದರ
ಒಳಗ ಬೊಗಸಿ ತುಂಬ ತೊಗರಿ ಹೊಟ್ಟು.
ಮುಚ್ಚಿದ ದಾಲ್ ಮಿಲ್ಲಿನಾಗ ಪ್ರಾಕ್ಟೀಸ್ ಅಂತ.
ಸ್ಪೀಕರಿನ ಕಾಗದ ಬಿಸಿಲಿಗಿ ಬಿರಿದು
ಎರಡು ಬಟ್ಟು ಹರಿದಿತ್ತು.
ಹೊಸಾದು ಹೈದರಾಬಾದಿಂದ ಬರಬೇಕು, ಹದಿನೈದು ದಿನ, ಅಂದೆ.
ಚಾಚಾ, ರೆಕಾರ್ಡಿಂಗ್ ನಾಳಿಗೇ ಅದ, ಅಂದ ಖದೀರ್.
ಹಂಗಾದ್ರ ಒಯ್ರಿ. ಗರಗರ ಅಂತದ, ಆಮ್ಯಾಲ ನನಗ ಬೈಬ್ಯಾಡ್ರಿ.

ಆ ಗರಗರಕ್ಕೇ ಹೆಸರು ಬಂತು.
ಕಾಲೇಜಿನ ಹುಡುಗರು ಅದರಾಗ
ಖಣಿ ಕೂಲಿಯವರ ಸಿಟ್ಟು ಕೇಳಿಸ್ತದ ಅಂದ್ರು,
ಇನ್ನೊಬ್ಬ, ಕಲ್ಲು ಸೀಳೋ ಆವಾಜು ಅಂದ.
ಇರಬಹುದು. ನನಗ ಕೇಳಿಸಿದ್ದು
ಬಾರದ ಪಾರ್ಸಲ್.

ಎರಡನೇದಕ್ಕ ಖದೀರ್ ಪೆಡಲ್ ಕೊಂಡ, ಆರು.
ಹಾಡು ಉದ್ದ ಆದವು, ಹನ್ನೊಂದು ನಿಮಿಷ,
ಜಗದೇವಿ ದನಿ ದೂರ ಹೋಯ್ತು,
ಬಾವಿ ತಳದಾಗಿಂದ ಕೊಡ ಕರೆದಂಗ.
ಚಲೋ ಇತ್ತು, ಖರೆ. ಎರಡು ಸಲ ಕೇಳಿದೆ,
ಎರಡೂ ಸಲ ಊಟ ಆದ ಮ್ಯಾಲ, ಎರಡೂ ಸಲ ನಿದ್ದಿ ಬಂತು.
ಅದನ್ನೇ ಬಯಸಿದ್ವಿ ಅಂದ ರೇವಣಸಿದ್ದ.
ನನ್ನ ಜೋಡಿ ಅವ ಆಡಿದ ಮೊದಲ ಮಾತು.

ಮೂರನೇದು ಪುಣೆದಾಗ. ಗಾಜಿನ ಕೋಣಿ, ಎ.ಸಿ.
ಡಬ್ಬಿ ಬಿಚ್ಚಿದೆ: ಹೊಟ್ಟಿಲ್ಲ, ಧೂಳಿಲ್ಲ,
ಸೀರಿ ಅಂಗಡಿ ಕನ್ನಡಿಯಂಗ ಸಾಫ್.
ರಿಪೇರಿಗಲ್ಲ ಚಾಚಾ, ಸುಮ್ಮ ಚೆಕ್ ಮಾಡ್ರಿ.
ಮಾಡಿದೆ. ರೊಕ್ಕ ತಗೊಳ್ಳಲಿಲ್ಲ.
ಆ ಆಲ್ಬಮ್ ಮದುವಿ ಮನ್ಯಾಗ ಹಾಕಿದ್ರು, ಬಸ್ಸಿನ್ಯಾಗ ಹಾಕಿದ್ರು,
ನನ್ನ ತಂಗಿ ಮಗಳ ಫೋನಿನ ರಿಂಗ್ ಆಯ್ತು.
ಒಂದೂ ತಪ್ಪಿಲ್ಲ.
ನಾಲ್ವತ್ತು ವರ್ಷ ತಪ್ಪು ಹುಡುಕಿ ಉಂಡ ಮನುಷ್ಯಾಗ
ಕಿವಿ ಇಡಲಿಕ್ಕ ಜಾಗಾ ಸಿಗಲಿಲ್ಲ.

ಆಮ್ಯಾಲ ನಾಕು ವರ್ಷ ಸುದ್ದಿ ಇಲ್ಲ.
ಜಗದೇವಿ ಚಿತ್ತಾಪುರದಾಗ ಸಾಲಿ ಟೀಚರ್ ಆದ್ಳಂತ.
ಒಂದು ಮೇ ತಿಂಗಳು, ಡಾಂಬರು ಚಪ್ಪಲಿಗಿ ಹತ್ತೋ ಮಧ್ಯಾಹ್ನ,
ಮೂವರೂ ಬಂದು ಒಂದೇ ಬೆಂಚಿನ ಮ್ಯಾಲ ಕುಂತ್ರು.
ಚಾಚಾ, ಆ ಹರಿದ ಕಾಗದ ಇಟ್ಟೀರೇನು?
ಇಲ್ಲ. ರದ್ದಿಗಿ ಹಾಕಿದೆ.
ಹಂಗಾದ್ರ ಹೊಸಾದು ಹರಿದು ಕೊಡ್ರಿ.
ಬ್ಲೇಡ್ ತಗೊಂಡು ಹರೀಬಹುದು, ಅಂದೆ,
ಆದ್ರ ಅದು ಬ್ಲೇಡ್ ಹರಿದಂಗೇ ಕೇಳಿಸ್ತದ.
ಅವತ್ತು ಹರಿದಿದ್ದು ಬಿಸಿಲು,
ತಗಡಿನ ಬುಡಕ, ನಿಧಾನಕ್ಕ.
ಯಾರೂ ಮಾತಾಡಲಿಲ್ಲ. ಖದೀರ್ ಫೋನು
ಟೇಬಲ್ ಮ್ಯಾಲ ಬೋರಲ ಬಿದ್ದಿತ್ತು.
ಹಾಫ್ ಚಾ ತರಿಸಿದೆ. ಕುಡಿದು ಹೋದ್ರು.

ಈಗ ನಾಕನೇದು ಬಂದದ. ಗಿಟಾರ್ ಹೆಚ್ಚಿಲ್ಲ,
ಜಗದೇವಿ ಹತ್ತಿರ ಕುಂತು ಹಾಡ್ತಾಳ, ಉಸಿರು ಸಹಿತ.
ಐದನೇ ಹಾಡಿನಾಗ ಎಲ್ಲಾ ನಿಂತು
ಬರೇ ಒಂದು ಟಕ್. ಟಕ್ಟಕ್. ಟಕ್.
ತಾಳಕ್ಕಿಂತ ಒಂಚೂರು ಹಿಂದ.
ಹೊಸ ನಮೂನಿ ಡ್ರಮ್ಮು ಅಂತ ಹುಡುಗರು ಜಗಳಾಡ್ಲಿಕತ್ತಾರ,
ಮಶೀನೋ ಕೈಯೋ ಅಂತ.

ನಾನು ತಲಿ ಎತ್ತಿ ನೋಡಿದೆ.
ಗೋಡಿ ಮ್ಯಾಲಿನ ಫ್ಯಾನು ಎಡಕ್ಕ ತಿರುಗಿ
ವಾಪಸ್ ಬರೋ ಮುಂದ ತಡವರಿಸ್ತದ.
ಬೇರಿಂಗ್ ಒಣಗ್ಯದ.
ಎಣ್ಣಿ ಡಬ್ಬಿ ಕೈ ಹತ್ತಿರನೇ ಅದ.