ಅಚ್ಚು ಕೆಚ್ಚುವಾಕಿ

ನೇಯೂದು ನನ್ನ ಕೆಲಸ ಅಲ್ಲ.
ಹಳೇ ಹಾಸು ಮುಗಿದ ಮ್ಯಾಲೆ ಅಚ್ಚಿನ ಹಲ್ಲಿನಾಗ
ಗೇಣುದ್ದ ಎಳಿ ಉಳದಿರತಾವಲ್ಲ,
ಅವಕ್ಕ ಹೊಸಾ ಹಾಸಿನ ಎಳಿ ಕೂಡಿಸಬೇಕು,
ಒಂದಕ್ಕ ಒಂದು, ಬೂದಿ ಹಚ್ಚಿ, ಹೊಸೆದು.
ಎರಡು ಸಾವಿರದ ಮ್ಯಾಲೆ ಎಳಿ. ಒಂದು ತಪ್ಪಿದರ
ಗುಳೇದಗುಡ್ಡದ ಖಣ ಸುಮ್ಮನಿರೂದಿಲ್ಲ,
ಸೂಜಿಮಲ್ಲಿಗಿ ಸೊಟ್ಟಗ ಅರಳತೈತಿ.

ನಮ್ಮವ್ವ ಕೆಚ್ಚತಿದ್ದಳು, ಅವರವ್ವ ಕೆಚ್ಚತಿದ್ದಳು.
ದೀಕ್ಷಾಸ್ನಾನದಾಗ ನನಗ ಕೃಪಾವತಿ ಅಂತ ಹೆಸರಿಟ್ಟರು,
ಓಣ್ಯಾಗ ಮಾತ್ರ ಕೆಚ್ಚು ಕೃಪವ್ವ.

ಹೋದ ಐತ್ವಾರ ಹೊರಗಿನಿಂದ ಒಬ್ಬ ಬೋಧಕ ಬಂದಿದ್ದ,
ಸಣ್ಣ ವಯಸ್ಸು, ಇಸ್ತ್ರಿ ಅಂಗಿ, ಕೈಯಾಗ ಮೈಕು.
"ನಿಮ್ಮ ಜೀವಕ್ಕ ದೇವರು ಒಂದು ಉದ್ದೇಶ ಇಟ್ಟಾನ.
ಅದನ್ನ ಕಂಡುಕೊಂಡು ಈ ಚೀಟಿ ಮ್ಯಾಲೆ ಬರೀರಿ,
ಬರೋ ಐತ್ವಾರ ಕಾಣಿಕಿ ಚೀಲಕ್ಕ ಹಾಕ್ರಿ."
ಎಸ್ತರಬಾಯಿ ಟೀಚರ್ ಅಲ್ಲೇ ಬರದಳು, ಎರಡೂ ಬದಿ.
ನಾ ಚೀಟಿ ಕುಬಸದಾಗ ಇಟ್ಟಕೊಂಡು ಮನಿಗೆ ಬಂದೆ.

ಐದು ರಾತ್ರಿ ಮೊಣಕಾಲೂರಿದೆ.
ಕರ್ತನೇ, ನಾ ಶಾಣ್ಯಾಕಿ ಅಲ್ಲ, ಐದನೇತ್ತೆ ಬಿಟ್ಟಾಕಿ.
ನನಗ ಬುದ್ಧಿ ಕೊಡು. ಭಾಳ ಬ್ಯಾಡ,
ಒಂದು ಸಾಲು ಬರೆಯೂವಷ್ಟು.
ಲಗ್ನದ ಊಟದಾಗ ಉಪ್ಪಿಗೂ ಎಲಿ ಮ್ಯಾಲೆ ಒಂದು ಜಾಗಾ ಇರತೈತಿ.
ನಂದು ಯಾವುದು?
ಪವರ್‌ಲೂಮಿನ ಗದ್ದಲಕ್ಕ ನಿನ್ನ ದನಿ ಕೇಳವಲ್ದೋ,
ಇಲ್ಲಾ ನೀನೇ ಮಾತಾಡವಲ್ಲಿಯೋ?

ಸುಮ್ಮನಿದ್ದ.
ಸುಮ್ಮನಿರೂದು ಅವಗ ಚೊಲೋ ಬರತೈತಿ.
ತಪ್ಪಾತು, ಕರ್ತನೇ. ಆದರ ಖರೇ ಮಾತು
ನಿನ್ನ ಮುಂದ ಅಲ್ಲದ ಇನ್ನೆಲ್ಲಿ ಇಳಿಸಲಿ?

ಶನಿವಾರ ಕತ್ತಲಾದ ಮ್ಯಾಲೆ ಬನ್ನವ್ವ ಬಂದಳು.
ಗಂಡಗ ಲಕ್ವಾ ಹೊಡದು ಮೂರು ತಿಂಗಳು, ಮಗ್ಗ ಬರಿದು.
"ನಾಳೆ ಕುಣಿಗೆ ನಾ ಇಳಿಯಾಕಿ, ಕೃಪವ್ವ. ಕೆಚ್ಚಿ ಕೊಡು."
ಅವರ ಮನ್ಯಾಗ ಗ್ಯಾಸು, ಬೂದಿ ಎಲ್ಲಿಂದ?
ನಮ್ಮ ಒಲ್ಯಾಗಿಂದ ಒಂದು ಹಿಡಿ ಬಳಕೊಂಡೆ.
ಕಟ್ಟಾಕ ಏನೂ ಸಿಗಲಿಲ್ಲ. ಚೀಟಿ ಸಿಕ್ಕಿತು.

ಎಂಟನೂರನೇ ಎಳಿಗೆ ಕರೆಂಟ್ ಹೋತು,
ತಾಸಿಗೆ ಮೊಬೈಲಿನ ಬೆಳಕೂ ಸತ್ತಿತು.
ಬಿಡವಾ, ಅಂದೆ, ಬಳ್ಳಿಗೂ ಕಣ್ಣದಾವ.
ಕತ್ತಲಾಗ ಎರಡು ಸಾವಿರ ಅನ್ನೂದು ಇರೂದಿಲ್ಲ.
ಈ ಎಳಿ ಇರತೈತಿ. ಇದರ ಜೋಡಿ ಇರತೈತಿ.
ಹೊಸೆದು ಬಿಟ್ಟರ ಮುಂದಿಂದು ಬೆರಳಿಗೆ ಬರತೈತಿ,
ಯಾರೋ ಆ ಕಡೆಯಿಂದ ಹಿಡಿದು ಕೊಟ್ಟಂಗ.
ಹಿಡಿದದ್ದು ಯಾರಂತ ನಾ ಕೇಳಲಿಲ್ಲ.

ಬನ್ನವ್ವ ಅತ್ತಳು. ಎಷ್ಟೋ ಹೊತ್ತು.
ಸಮಾಧಾನ ಹೇಳೂವಷ್ಟು ಬುದ್ಧಿ ನನಗೆಲ್ಲೈತಿ,
ಕೈ ನಿಲ್ಲಿಸಲಿಲ್ಲ, ಅಷ್ಟ.
ಒಳಗಿನ ಕೋಣ್ಯಾಗಿಂದ ಆಕಿ ಗಂಡ ತೊದಲಿದ:
"ಹಾಸು ಬಿಗಿ ಐತೇನು?"
ಐತಿ, ಅಂದೆ.
ಮೂರು ತಿಂಗಳಾಗ ಅವ ಮಗ್ಗದ ಮಾತು ಎತ್ತಿದ್ದು ಅದೇ ಮೊದಲಂತ.

ಚರ್ಚಿನ ಗಂಟಿ ಬಾರಿಸೂ ಹೊತ್ತಿಗೆ ಕಡೀ ಎಳಿ.
ಮುಖಕ್ಕ ನೀರು ಗೊಜ್ಜಿಕೊಂಡು ಹಂಗೇ ಓಡಿದೆ.
ನಿದ್ದಿಗಣ್ಣು. ಚೀಲ ಮುಂದ ಬಂದಾಗ
ಕುಬಸದಾಗ ಕೈಹಾಕಿ ಸಿಕ್ಕದ್ದು ಹಾಕಿಬಿಟ್ಟೆ.

ಮಧ್ಯಾಹ್ನ ಸಭೆಯ ಹಿರಿಯ ದೇವಪುತ್ರಪ್ಪ ಬಾಗಿಲಕ್ಕ ನಿಂತಿದ್ದ,
ಬಿಳೇ ಅಂಗಿ ತುಂಬ ಬೂದಿ.
"ಎಣಿಸೂ ರೊಕ್ಕೆಲ್ಲಾ ಹೊಲಸಾತಲ್ಲವಾ. ಇದು ನಿಂದ?"
ನಂದರೀ.
"ಏನೂ ಬರದಿಲ್ಲ."
ಇಲ್ಲರೀ.
ಅವ ಕನ್ನಡಕ ಏರಿಸಿ ಚೀಟಿ ಬಿಸಲಿಗೆ ಹಿಡದ.
ಒಂದು ಹೆಬ್ಬೆರಳು, ಒಂದು ತೋರಬೆರಳು,
ಬೂದಿಯಾಗ ಸುತ್ತಿ ಸುತ್ತಿ ಮೂಡಿದ ಗೆರಿ.
ಓದೂವಂಗ ನೋಡಿದ, ಭಾಳ ಹೊತ್ತು.
ನನಗ ತಿರುಗಿ ಕೊಡಲಿಲ್ಲ. ಮಡಚಿ ಕಿಸೆದಾಗ ಇಟ್ಟುಕೊಂಡು,
ಪಾವಟಗಿ ಇಳಿದಾವ ನಿಂತು ಕೇಳಿದ:
"ನಮ್ಮ ಮಗ್ಗದ ಹಾಸೂ ಮುಗಿದೈತಿ, ಕೃಪವ್ವ.
ಮಂಗಳವಾರ ಬರತೀಯೇನು?"