ಅಳತೆ ಪುಸ್ತಕ

ಬಸವನಹಳ್ಳಿ ರಸ್ತೆಯ ನನ್ನಂಗಡಿಯ ಅಳತೆ ಪುಸ್ತಕದಲ್ಲಿ
ಬೇರೆಯವರಿಗೆ ಒಂದೊಂದು ಸಾಲು.
ರುದ್ರಮುನಿಯಪ್ಪನವರಿಗೆ ಒಂದು ಹಾಳೆ ಪೂರಾ.

ಅರವತ್ತೆರಡು, ಫೆಬ್ರವರಿ. ಎದೆ ಮೂವತ್ತಾರು, ಸೊಂಟ ಇಪ್ಪತ್ತೊಂಬತ್ತು.
ಮುಚ್ಚುಗೊರಳಿನ ಕೋಟು, ಬಿಳಿ ಡ್ರಿಲ್ಲು, ಐದು ಗುಂಡಿ.
ಬರೆದದ್ದು ಅಪ್ಪ. ಟೇಪು ಹಿಡಿದವನು ನಾನು, ಹನ್ನೆರಡರ ಹುಡುಗ.
'ಬಿಗಿ ಬೇಡ ಪಿಸೆ, ಕೈಯೆತ್ತಿದರೆ ಕಂಕುಳು ಹಿಡಿಯಬಾರದು' ಅಂದರು.
ಗೆದ್ದರು. ಮುಂದೆ ಮೂವತ್ತು ವರ್ಷ
ಕೈ ಎತ್ತುತ್ತಲೇ ಇದ್ದರು,
ಹೆಚ್ಚುಪಾಲು, ಬೇಡ ಅನ್ನುವುದಕ್ಕೆ.

ಮಲ್ಲಂದೂರು ರಸ್ತೆಗೆ ಎರಡನೇ ಟಾಕೀಸು ಬೇಡ.
ಹೈಸ್ಕೂಲಲ್ಲಿ ಹುಡುಗ ಹುಡುಗಿ ಒಂದೇ ಸಾಲು ಬೇಡ.
ಸಾರಾಯಿ ಹರಾಜು ಬೇಡ, ಅದಕ್ಕೆ ಊರೇ ಚಪ್ಪಾಳೆ ತಟ್ಟಿತು.
ಪರಿಷತ್ತಿನಲ್ಲಿ ಹೆಂಗಸರಿಗೆ ಬೇರೆ ಕುರ್ಚಿ ಬೇಡ,
ಅದಕ್ಕೆ ಮನೆಯಾಕೆಯೇ ಮೂರು ದಿನ ಮಾತು ಬಿಟ್ಟರಂತೆ,
ಅಡುಗೆ ಬಿಡಲಿಲ್ಲ.
ಪಕ್ಷ ಮೂರು ಸಲ ಹೆಸರು ಬದಲಿಸಿತು,
ಇವರು ಕಾಲರು ಬದಲಿಸಲಿಲ್ಲ.

ಆಜಾದ್ ಪಾರ್ಕಿನಲ್ಲಿ ಮೈಕು ಸಿಕ್ಕರೆ ಒಂದೇ ಮಾತು: 'ನಿಧಾನ, ಸ್ವಾಮಿ.
ಹಳೇದು ಹರಿಯುವ ಮುಂಚೆ
ಹೊಸದು ಮೈಗೆ ಕೂರುತ್ತಾ ನೋಡಿ.'
ಅದು ನಮ್ಮಪ್ಪನ ಮಾತು. ಕದ್ದದ್ದು.
ಅಪ್ಪ ಹಿಗ್ಗಿ, ಅವತ್ತು ಅರ್ಧ ಸೇರು ಮೈಸೂರು ಪಾಕು ತಂದ.

ಎಪ್ಪತ್ತನಾಲ್ಕು. ಎದೆ ನಲವತ್ತು. ಇಲ್ಲಿಂದ ಅಕ್ಷರ ನನ್ನದು.
ಉಳುವವನಿಗೆ ನೆಲ ಅನ್ನುವ ಕಾನೂನಿನೆದುರು
ಎರಡು ಗಂಟೆ ನಿಂತು ಮಾತಾಡಿದ ಕೋಟು
ಎಡ ಕಂಕುಳು ಬಿಚ್ಚಿಕೊಂಡು ನನ್ನ ಕೈಗೆ ಬಂತು.
ಒಳಜೇಬಲ್ಲಿ ನಾಲ್ಕು ಮಡಿಕೆಯ ಹಾಳೆ.
ಅವರ ಗೇಣಿದಾರರ ಹೆಸರು, ಒಂಬತ್ತು:
ಕಾಳಯ್ಯ, ದ್ಯಾವಮ್ಮ, ಹೂವಯ್ಯ, ಮೋಟ ಗುರುವ...
ಐದರ ಮುಂದೆ ಕೆಂಪು ಗೀಟು.
ಕೊಡುವುದಕ್ಕೆ ಗೀಟೋ, ಬಿಡಿಸುವುದಕ್ಕೆ ಗೀಟೋ.
ಮಡಚಿ ಅಲ್ಲೇ ಇಟ್ಟು ಹೊಲಿಗೆ ಹಾಕಿದೆ.
ಕೇಳುವ ಕೆಲಸ ದರ್ಜಿಯದಲ್ಲ.
ಈಗಲೂ ಕೇಳುತ್ತೇನೆ, ರಾತ್ರಿ,
ಮೆಷಿನ್ನಿಗೆ ಎಣ್ಣೆ ಬಿಡುವಾಗ.

ಕಾಜ ತೆಗೆಯುತ್ತಿದ್ದ ಹುಡುಗ ಉಪ್ಪಳ್ಳಿ ಕೇರಿಯ ಮುತ್ತಯ್ಯ.
'ಇಷ್ಟು ನಯ! ಯಾರ ಕೈ ಪಿಸೆ ಇದು?'
ಗುಂಡಿಯ ಮೇಲೆ ಬೆರಳಾಡಿಸಿದರು.
ಹೆಸರು ಹೇಳಿದೆ.
ಬೆರಳು ನಿಂತಿತು.
ಆದರೂ ತೊಟ್ಟೇ ಹೋದರು. ಮುಂದಿನ ಸಲ,
ಮೂಲೆಯತ್ತ ನೋಡದೆ, ಗಲ್ಲದ ಮೇಲೆ ಐದರ ನೋಟಿಟ್ಟು
'ಕಾಜದವನಿಗೆ ಬೇರೆ' ಅಂದರು.
ಮುತ್ತಯ್ಯ ಮುಟ್ಟಲಿಲ್ಲ.
ನೋಟು ಇನ್ನೂ ಡ್ರಾಯರಿನಲ್ಲಿದೆ, ಕತ್ತರಿಯ ಕೆಳಗೆ.

ಎಂಬತ್ತೆಂಟರಲ್ಲಿ ರಸ್ತೆ ಅಗಲಿಸುವ ನಕ್ಷೆ ಬಂತು,
ಸೀಮೆಸುಣ್ಣದ ಗೆರೆ ನನ್ನ ಹೊಸ್ತಿಲು ದಾಟಿ ಒಳಗೇ ಬಂತು.
ಬೇಡ ಅಂದರು.
ಆ ಒಂದು ಬೇಡದ ಕೆಳಗೆ ನನ್ನ ಮೆಷಿನ್ನು ಇವತ್ತಿಗೂ ಓಡುತ್ತಿದೆ.
ಹಾಗಾಗಿ ನನ್ನ ಹತ್ತಿರ ನ್ಯಾಯ ಕೇಳಬೇಡಿ,
ಅಳತೆ ಬೇಕಾದರೆ ಕೇಳಿ.

ತೊಂಬತ್ತನಾಲ್ಕು. ಠೇವಣಿಯೂ ಹೋಯಿತು. ಎದೆ ಮೂವತ್ತೇಳು.
ಮೂವತ್ತೇಳೂವರೆ ಅಂತ ಬರೆದೆ.
ಕನ್ನಡಿಯಲ್ಲಿ ನನ್ನ ಪೆನ್ಸಿಲನ್ನೇ ನೋಡುತ್ತಿದ್ದವರು
ಏನೂ ಅನ್ನಲಿಲ್ಲ.

ಹೋದ ವಾರ ಮೊಮ್ಮಗಳು ಬಂದಿದ್ದಳು, ವಕೀಲೆ.
ನಗರಸಭೆಗೆ ನಿಂತಿದ್ದಾಳೆ, ಮಹಿಳಾ ಮೀಸಲು ವಾರ್ಡು.
ಪೇಪರಿನಲ್ಲಿ ಸುತ್ತಿದ ತಾತನ ಕೋಟು, ನುಸಿಗುಳಿಗೆ ವಾಸನೆ.
'ನನ್ನ ಅಳತೆಗೆ ಮಾಡಿಕೊಡಿ.'
ಒಳಜೇಬು ತಡವಿದೆ. ಬರೀ ಅಸ್ತರಿ, ಒಂದು ಬಸ್ ಟಿಕೇಟು.
'ಇದನ್ನ ಹೊಲಿದು ಮುಚ್ಚಿಬಿಡಲಾ?'
'ಬೇಡ' ಅಂದಳು.

ಅದೇ ಗಂಟಲು.
ಮುತ್ತಯ್ಯ ಕನ್ನಡಕ ಒರೆಸಿಕೊಂಡು, ತಾನೇ ತೆಗೆದ ಕಾಜಗಳನ್ನು
ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದ.
'ಗಟ್ಟಿಯಾಗೇ ಇವೆ' ಅಂದ.
'ಶುಕ್ರವಾರ ಬನ್ನಿ.'